ಸ್ಟೇಟಸ್ಸಿಗೆ ಬಿದ್ದ ಒಂದು ಹಿಡಿ ಸುಣ್ಣ

ಮಧ್ಯಾಹ್ನ ಮೂರು ಗಂಟೆ ಹನ್ನೆರಡು ನಿಮಿಷ. ಇಷ್ಟು ಖಚಿತವಾಗಿ ಹೇಗೆ ಗೊತ್ತು ಅಂತೀರಾ? ನನ್ನ ಮೊಬೈಲೇ ಬರೆದಿಟ್ಟುಕೊಂಡಿದೆ.

ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿ ಜವರಣ್ಣನ ಆಲೆಮನೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬರುವಾಗ ಅಲ್ಲಿ ನಿಂತು ಬಿಸಿ ಬೆಲ್ಲ ತಿನ್ನುವುದು ನನ್ನ ಹಳೇ ಚಟ. ಅವತ್ತು ಜವರಣ್ಣ ಕೊಪ್ಪರಿಗೆಯಲ್ಲಿ ಕುದಿಯುತ್ತಿದ್ದ ಕಬ್ಬಿನ ಹಾಲಿಗೆ ಒಂದು ಹಿಡಿ ಸುಣ್ಣದ ಪುಡಿ ಹಾಕಿದ. ಕೊಳೆ ಮೇಲೆ ಬರಲಿ ಅಂತ ಅಜ್ಜನ ಕಾಲದಿಂದ ಎಲ್ಲರೂ ಹಾಕುವುದೇ. ನಾನು ವಿಡಿಯೊ ಮಾಡಿ ಸ್ಟೇಟಸ್ಸಿಗೆ ಹಾಕಿದ್ದು ಆ ಮೂರು ಹನ್ನೆರಡಕ್ಕೇ. ಮೇಲೊಂದು ಸಾಲು: ‘ಜವರಣ್ಣನ ಸೀಕ್ರೆಟ್ ಪೌಡರ್’. (ತಮಾಷೆ ಅಂದುಕೊಂಡಿದ್ದೆ.)

ಮರುದಿನ ಬೆಳಗ್ಗೆ ಅದೇ ವಿಡಿಯೊ ಯಾವುದೋ ಪೇಜಿನಲ್ಲಿತ್ತು. ‘ವಿಷದ ಬೆಲ್ಲ, ತಿನ್ನುವ ಮುಂಚೆ ನೋಡಿ.’

ಸಂಜೆ ಆಲೆಮನೆಗೆ ಓಡಿದೆ. ನನ್ನ ಹಿಂದೆಯೇ ಮೂರು ಬೈಕು ಬಂದವು. ಒಬ್ಬ ಜವರಣ್ಣನ ಕಾಲರ್ ಹಿಡಿದ.

“ಏನ್ಲಾ ಆಕ್ತಿದ್ದೀಯ ಬೆಲ್ಲಕ್ಕೆ?”

“ಸುಣ್ಣ ಕಣ್ಲಾ. ನಿಮ್ಮಪ್ಪನೂ ಇದ್ನೇ ಆಕಿ ಬೆಲ್ಲ ಕಾಯ್ಸಿದ್ದು, ಓಗಿ ಕೇಳು.”

ಅವನು ನೂಕಿದ. ಜವರಣ್ಣನ ಹಿಮ್ಮಡಿಗೂ ಕುದಿಯುವ ಕೊಪ್ಪರಿಗೆಗೂ ಒಂದೇ ಗೇಣು. ಒಲೆಗೆ ಒಣಗಿದ ಕಬ್ಬಿನ ರಚ್ಚು ಹಾಕುತ್ತಿದ್ದ ಹೆಂಗಸು ತೋಳು ಹಿಡಿದು ಈಚೆಗೆ ಎಳೆದುಕೊಂಡಳು. ನಾನು? ಕಂಬದ ಹಾಗೆ ನಿಂತಿದ್ದೆ. ಆ ಒಂದು ಗೇಣು ಇನ್ನೂ ಕಣ್ಣೆದುರಿಗಿದೆ.

ನಾಗಮಂಗಲದ ಅಂಗಡಿಯವರು ಬೆಲ್ಲ ವಾಪಸ್ ಕಳಿಸಿದರು. ಕೆ.ಆರ್. ಪೇಟೆಯವರು ಫೋನೇ ಎತ್ತಲಿಲ್ಲ. ಒಲೆ ಆರಿತು.

ನನ್ನ ಸ್ಟೇಟಸ್ ನೋಡಿದ್ದವರು ಎಪ್ಪತ್ತೊಂದು ಜನ. ಪಟ್ಟಿ ಮಾಯವಾಗುವ ಮುಂಚೆ ಬರೆದುಕೊಂಡಿದ್ದೆ. ಪೇಜಿಗೆ ಕೊಟ್ಟವರು ಯಾರು? ಭಾಮೈದನಾ? ಸ್ಟಾಫ್ ರೂಮಿನವರಾ? ಡೈರಿ ಕಾರ್ಯದರ್ಶಿಯಾ? (ಅವರದೂ ಒಂದು ಆಲೆಮನೆ ಇದೆ.) ಯಾರು ನಕ್ಕರೂ ಅನುಮಾನ. ಆ ಪಟ್ಟಿಯಲ್ಲಿ ನನ್ನ ಹೆಸರು ಮಾತ್ರ ಇರಲಿಲ್ಲ.

ಜವರಣ್ಣನನ್ನು ಪಾಂಡವಪುರದ ವಕೀಲರೊಬ್ಬರ ಹತ್ತಿರ ನಾನೇ ಕರೆದುಕೊಂಡು ಹೋದೆ.

“ಆ ಪೇಜಿನೋನ ಫೋಟೊ ಆಕಿ ಮಾನ ಕಳೀತೀನಿ ಮೇಡಂ.”

“ಕಳೀರಿ ಗೌಡ್ರೇ. ಮಾನನಷ್ಟದ ಕೇಸು ನಿಮ್ಮ ಮೇಲೇ ಬೀಳುತ್ತೆ,” ಅಂದರು ವಕೀಲರು. “ಮೊದ್ಲು ಲಿಂಕು, ಸ್ಕ್ರೀನ್‌ಶಾಟು ಎತ್ತಿಟ್ಕೊಳ್ಳಿ. ಬೆಲ್ಲನ ಲ್ಯಾಬಿಗೆ ಕಳಿಸಿ. ಅಂದಂಗೆ, ಮೂಲ ವಿಡಿಯೊ ತೆಗೆದವರು ಯಾರು? ಅವರ ಹೇಳಿಕೆ ಬೇಕು.”

“ಯಾವನಾದ್ರೂ ಆಗ್ಲಿ, ಕೊಪ್ಪರಿಗೆಗೆ ಅದ್ದುಬುಡ್ತೀನಿ,” ಅಂದ ಜವರಣ್ಣ. ನನ್ನ ಕಡೆ ನೋಡಲಿಲ್ಲ.

ನಾನು ಫ್ಯಾನಿನ ಕಡೆ ನೋಡಿದೆ.

ಒಂಬತ್ತನೇ ದಿನ, ಬುಧವಾರ, ತಡೆಯಲಾಗಲಿಲ್ಲ. ಆಲೆಮನೆಗೆ ಹೋಗಿ ಹೇಳಿಬಿಟ್ಟೆ. ಜವರಣ್ಣ ತಣ್ಣಗಿದ್ದ ಕೊಪ್ಪರಿಗೆ ಉಜ್ಜುತ್ತಿದ್ದ. ಕೈ ನಿಲ್ಲಿಸಲಿಲ್ಲ.

“ನಂಗೆ ಮೊದ್ಲೇ ಗೊತ್ತಿತ್ತು ಮೇಷ್ಟ್ರೆ. ವಿಡಿಯೊದಲ್ಲಿ ನಿಮ್ಮ ಕೆಮ್ಮು ಕೇಳುಸ್ತದೆ. ಯಾವತ್ತು ಬಾಯ್ಬುಡ್ತೀರ ಅಂತ ನೋಡ್ತಿದ್ದೆ.”

ಅವತ್ತೇ ವಕೀಲರಿಗೆ ಹೇಳಿಕೆ ಬರೆದುಕೊಟ್ಟೆ. ನೋಟಿಸು ಹೋಗಿ, ಪೇಜಿನವನು ವಿಡಿಯೊ ಅಳಿಸಿದ. ಆದರೆ ನಿನ್ನೆ ನಮ್ಮ ಸೋದರತ್ತೆ ಅದನ್ನೇ ನನಗೆ ಫಾರ್ವರ್ಡ್ ಮಾಡಿದ್ದಾರೆ, ‘ಹುಷಾರು’ ಅಂತ. ಅಳಿಸಿದ್ದು ಎಲ್ಲಿಂದ ಹಾಗಾದರೆ?

ಆ ಬುಧವಾರ ರಾತ್ರಿ, ಎಂಟು ದಿನದ ಮೇಲೆ, ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ. ಜವರಣ್ಣನಿಗೆ ನಿದ್ದೆ ಬಂತಾ?