ಮೂರು ಸಲ ಬರೆದ ಉಯಿಲು

ಒಮ್ಮೆ ಬರೆದ ಪತ್ರವನ್ನು ಎರಡನೆಯ ಸಲ ಬರೆದವನಲ್ಲ ನಾನು. ಉಪ್ಪಲ್‌ನ ರಿಜಿಸ್ಟ್ರಿ ಕಚೇರಿಯ ಮುಂದಿನ ಬೇವಿನ ಮರ ಸಸಿಯಾಗಿದ್ದಾಗಿನಿಂದ ಅದರ ಬುಡದಲ್ಲಿ ಕೂತಿದ್ದೇನೆ. ಮರ ಬೆಳೆದದ್ದೇ ನನ್ನ ಪೆನ್ನಿನ ಶಾಯಿ ಕುಡಿದು. ನಾನು ಬರೆದ ಕ್ರಯಪತ್ರ, ಉಯಿಲುಗಳನ್ನೆಲ್ಲ ಪೇರಿಸಿಟ್ಟರೆ ಚಾರ್ಮಿನಾರು ಅದರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತದೆ. ಅಷ್ಟರಲ್ಲಿ ಒಂದಾದರೂ ಅಕ್ಷರ ಹೊಡೆದುಹಾಕಿದ್ದು ಕಂಡರೆ ನನ್ನ ಮೀಸೆ ಬೋಳಿಸಿ.

ಶಂಕ್ರಮ್ಮ ಬಂದಳು. ಯಾದಗಿರಿ ಕಡೆಯವಳು, ಇಲ್ಲಿನ ಮೆಟ್ರೋ ಡಿಪೋ ಕಟ್ಟುವಾಗ ಕಾಂಕ್ರೀಟು ಬುಟ್ಟಿ ಹೊತ್ತವಳು. ಅವಳು ತಲೆ ಕೊಡವಿದರೆ ಇನ್ನೂ ಒಂದು ಮಾಳಿಗೆಗೆ ಸಾಲುವಷ್ಟು ಸಿಮೆಂಟು ಉದುರುತ್ತದೆ.

"ಕಾಕಾ, ನಾ ಹೋದ ಮ್ಯಾಲ ನನ್ನ ಖೋಲಿ ವಕೀಲಬಾಯಿ ಸಂಸ್ಥಾಕ್ಕ ಹೋಗಬೇಕ್ರಿ. ಹಂಗ ಬರೀರಿ."

ವಕೀಲಬಾಯಿ ಎಂದರೆ ಸುಹಾಸಿನಿ. ಕೂಲಿಕಾರರ ಕೇಸುಗಳನ್ನು ಪುಕ್ಕಟೆ ನಡೆಸುವ ಸಂಸ್ಥೆಯೊಂದರ ವಕೀಲೆ. ತಾನೇ ಬರೆಸಿಕೊಂಡಳೆಂದು ನಾಳೆ ಯಾರೂ ಅನ್ನಬಾರದು ಎಂದು ಶಂಕ್ರಮ್ಮನನ್ನು ನನ್ನ ಕಡೆ ಕಳಿಸಿ, ತಾನು ಈ ಕಡೆ ತಲೆ ಹಾಕಿರಲಿಲ್ಲ.

"ಊರಾಗ ನಿನ್ನವರು ಯಾರೂ ಇಲ್ಲೇನವಾ?"

"ತಮ್ಮ ಅದಾನ. ಅವಂಗ ಹೊಲ ಐತಿ. ಈ ಖೋಲಿ ಕೋರ್ಟಿನ ಪರಿಹಾರದಾಗ ಬಂದದ್ದು. ನನ್ನಂಥಾಕಿ ಇನ್ನೊಬ್ಬಾಕಿ ಕಾರ್ಖಾನಿ ಗೇಟಿನ ಮುಂದ ನಿಂತ್ರ, ಆಕಿ ಜೋಡಿ ಯಾರರ ನಿಲ್ಲಬೇಕಲ್ರಿ."

ತೆಲುಗಿನಲ್ಲಿ ಬರೆದು ಕನ್ನಡದಲ್ಲಿ ಓದಿ ಹೇಳಿದೆ: ದಿವಂಗತ ಹುಲಗೇಶನ ಹೆಂಡತಿ ಶಂಕ್ರಮ್ಮನಾದ ನಾನು...

ಗಂಡನ ಹೆಸರು ಕಿವಿಗೆ ಬಿದ್ದದ್ದೇ ಸೆರಗು ತಲೆಗೆಳೆದುಕೊಂಡಳು. "ಆ ಮೊದಲ್ನೇ ಶಬ್ದ ತಗೀರಿ."

"ದಿವಂಗತ? ಅದನ್ನ ಕೋರ್ಟೇ ಒಪ್ಪೈತಲ್ಲವಾ."

"ಕೋರ್ಟು ಒಪ್ಪೈತಿ. ಕೋರ್ಟಿಗೆ ಅವರು ಏನಾಗಬೇಕಾಗಿತ್ತು? ಕಡೀ ಸಲ ನಾ ಅವರ ಮಾರಿ ನೋಡಿಲ್ರಿ."

ಹುಲಗೇಶ ಪಟಾನ್‌ಚೆರುವಿನ ಔಷಧ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೂಲಿ. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಬರುತ್ತಿದ್ದ. ಒಂದು ಭಾನುವಾರ ಬರಲಿಲ್ಲ. ಮರುದಿನ ಇವಳು ಬಸ್ಸು ಹತ್ತಿ ಗೇಟಿಗೆ ಹೋದಳು. ಕಾವಲಿನವನು "ಪೇರು ಚೆಪ್ಪಮ್ಮಾ" ಎಂದು ಗಂಡನ ಹೆಸರು ಕೇಳಿದ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಸವೆಯುತ್ತದೆಂಬ ನಂಬಿಕೆ. ಅಂಥ ದಿನ, ಅಂಥ ಭಯದಲ್ಲಿ ಹೇಳುತ್ತಾಳೆಯೇ? "ನಮ್ಮ ಮನಿಯವರು" ಎಂದಳು. ಎತ್ತರ ಹೇಳಿದಳು, ಅಂಗಿಯ ಬಣ್ಣ ಹೇಳಿದಳು. ಅವನು ಬದುಕಿರಲಿ ಎಂದೇ ಬಾಯಿ ಬಿಗಿಹಿಡಿದು ನಿಂತಳು. ಸಂಜೆ ಗೇಟು ತೆರೆದು ಒಂದು ಆಂಬುಲೆನ್ಸ್ ಹೊರಬಂತು. ಶಂಕ್ರಮ್ಮ ಪಕ್ಕಕ್ಕೆ ಸರಿದು ಅದಕ್ಕೆ ದಾರಿ ಬಿಟ್ಟಳು.

ಒಳಗಿದ್ದವನು ಅವಳ ಗಂಡನೇ. ಗುತ್ತಿಗೆದಾರ ಅವನನ್ನು ಬೇರೊಬ್ಬನ ಗೇಟ್ ಪಾಸಿನಲ್ಲಿ ದುಡಿಸುತ್ತಿದ್ದ. ಬಿಸಿ ಹಬೆಗೆ ಸಿಕ್ಕು ಸತ್ತವನನ್ನು ಆ ಬೇರೆ ಹೆಸರಿನಲ್ಲೇ ಸುಟ್ಟರು. ಊರಿನವನೊಬ್ಬ ಬಂದು ಹುಲಗೇಶ ಎಂದಾಗ, ಆ ಹೆಸರಿನವನು ಇಲ್ಲಿ ಇರಲೇ ಇಲ್ಲ ಎಂದುಬಿಟ್ಟರು.

ಇವಳು ಸುಹಾಸಿನಿಯ ಕಚೇರಿಗೆ ಹೋದಾಗ ಅಲ್ಲೂ ಅದೇ ಪ್ರಶ್ನೆ, ಅದೇ ಮೌನ. ಸುಹಾಸಿನಿ ಕನ್ನಡದ ಮನೆಯ ಹುಡುಗಿ. ಅಜ್ಜಿಯ ಕಾಲದ್ದೇನೋ ನೆನಪಾಗಿ, "ಮದುವ್ಯಾಗ ಒಡಪು ಹಾಕಿ ಹೆಸರು ಹೇಳಿದ್ರಲ್ಲ, ಅದನ್ನ ಹೇಳ್ರಿ" ಎಂದಳಂತೆ. ಶಂಕ್ರಮ್ಮ ಫೈಲುಗಳ ನಡುವೆ ಎದ್ದು ನಿಂತು, ನೆಲ ನೋಡುತ್ತ ಹೇಳಿದಳು:

"ತೊಗರಿ ಹೊಲದ ಬದು ತುಂಬ ಹೊಸ ಹಸರು,
ಅಲ್ಲಿ ನಿಂತು ನನ್ನ ಕರದವರು ಹುಲಗೇಶರು."

ಜೊತೆಗಾರರ ಸಾಕ್ಷಿ ಹಿಡಿದು ಸುಹಾಸಿನಿ ಕೇಸು ಗೆದ್ದಳು. ಶಂಕ್ರಮ್ಮ ಆ ಹೆಸರನ್ನು ಮತ್ತೆ ಹೇಳಿಲ್ಲ. ಭಾನುವಾರ ಸಂಜೆ ಪಟಾನ್‌ಚೆರು ಕಡೆಯ ಬಸ್ಸು ಬಂದು, ಜನ ಇಳಿದು, ಕಂಡಕ್ಟರನೂ ಚಹಾಕ್ಕೆ ಹೋಗುವವರೆಗೆ ಅವಳು ನಿಲ್ದಾಣದಲ್ಲಿ ನಿಂತಿರುತ್ತಾಳೆ. ನಾನೇ ಕಂಡಿದ್ದೇನೆ. ಕಂಡು, ಜೋಕು ಹೊಡೆಯಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡು ಹೋಗಿದ್ದೇನೆ.

ಇರಲಿ, 'ದಿವಂಗತ' ತೆಗೆದು ಎರಡನೆಯ ಸಲ ಬರೆದೆ. ಓದಿದೆ. ಕೊನೆಯವರೆಗೆ ಕೇಳಿ ಅವಳೆಂದಳು, "ಇನ್ನೊಂದು ಸಾಲು ಬೇಕ್ರಿ. ಅವರು ಬಂದ್ರ, ಇರೂತನಕ ಖೋಲಿ ಅವರದು. ಆಮ್ಯಾಲ ಸಂಸ್ಥಾಕ್ಕ."

"ಬಂದ್ರ ಅಂದ್ರ? ಎಲ್ಲಿಂದ ಬರ್ತಾನವಾ?"

ಅವಳು ಹೆಬ್ಬೆಟ್ಟನ್ನು ಮುಂದೆ ಚಾಚಲಿಲ್ಲ. ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕೂತಳು. ಆ ಸಾಲಿಲ್ಲದಿದ್ದರೆ ಉಯಿಲೂ ಇಲ್ಲ, ಸಂಸ್ಥೆಗೆ ಕೋಣೆಯೂ ಇಲ್ಲ. ಅಂಥ ಸಾಲು ಬರೆದರೆ ಕಾನೂನಿಗೇನೂ ಹೊಟ್ಟೆನೋವಿಲ್ಲ ಎಂದು ನನಗೆ ಗೊತ್ತು. ಹೊಟ್ಟೆನೋವು ನನಗೆ.

ಹೊಸ ಹಾಳೆ ತೆಗೆದು, ಮೂರನೆಯ ಸಲ ಬರೆಯುತ್ತ ಗೊಣಗಿದೆ: "ಒಂದು ಸಾಲಿನ ಸಲುವಾಗಿ ಮುದುಕನ ಬೆರಳು ಮುರಸಾಕತ್ತೀಯಲ್ಲವಾ."

ಶಂಕ್ರಮ್ಮ ಹಾಳೆಯ ಮೇಲೆ ಕಣ್ಣಿಟ್ಟೇ ಹೇಳಿದಳು:

"ನಾ ಸಾಯೋದಕ್ಕ ಇಡೀ ಹಾಳಿ ತುಂಬಿಸೀರಿ ಕಾಕಾ. ಕಾಯೋದಕ್ಕ ಒಂದು ಸಾಲು ಬರ್ಯಾಕ ಬೆರಳು ನೋಯ್ತಾವೇನ್ರಿ?"