ಬೇರೆಯವರ ಹೆಸರಿನ ಗ್ರಾಫು

2012ರಲ್ಲಿ ನಾನು ಮುಂಬೈ ಪಕ್ಕದ ವಾಶಿಯ ಒಂದು ಪುಟ್ಟ ಹೋಸ್ಟಿಂಗ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಮದುವೆಯಾಗಿ ಮೈಸೂರಿನಿಂದ ಡೊಂಬಿವಲಿಗೆ ಬಂದು ಎರಡು ವರ್ಷವಾಗಿತ್ತು. ದಿನವೂ ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಠಾಣೆಗೆ ಹೋಗಿ, ಅಲ್ಲಿ ಗಾಡಿ ಬದಲಿಸಿ ವಾಶಿ ಸೇರುತ್ತಿದ್ದೆ. ಆಫೀಸಿನಲ್ಲಿ ಇದ್ದವರು ನಾವು ಏಳೇ ಜನ.

ದೊಡ್ಡ ಸರ್ವರ್ ಒಂದನ್ನು ಸಣ್ಣ ಸಣ್ಣ ಪಾಲು ಮಾಡಿ ಗ್ರಾಹಕರ ವೆಬ್‌ಸೈಟುಗಳಿಗೆ ಕೊಡುವುದು ನಮ್ಮ ಕೆಲಸ. ಒಂದೊಂದು ಪಾಲಿಗೆ ಕಂಟೇನರ್ ಎನ್ನುತ್ತಿದ್ದೆವು. ವಠಾರಕ್ಕೆಲ್ಲ ಒಂದೇ ನೀರಿನ ಟ್ಯಾಂಕ್ ಇದ್ದ ಹಾಗೆ ಅದು. ಒಂದು ಮನೆಯವರು ನಲ್ಲಿ ಬಿಟ್ಟುಕೊಂಡು ಕೂತರೆ ಉಳಿದವರಿಗೆ ನೀರಿಲ್ಲ. ಯಾರು ಎಷ್ಟು ಮೆಮೊರಿ ಬಳಸುತ್ತಿದ್ದಾರೆಂದು ತಿಳಿಯಲು ನಾನೊಂದು ಸ್ಕ್ರಿಪ್ಟ್ ಬರೆದೆ. ಐದೈದು ನಿಮಿಷಕ್ಕೊಮ್ಮೆ ಅದು ಎಲ್ಲ ಕಂಟೇನರ್‌ಗಳನ್ನೂ ಅಳೆದು, ಗ್ರಾಹಕರ ಹೆಸರಿನ ಕೆಳಗೆ ನೀಲಿ ಗೆರೆಯ ಗ್ರಾಫ್ ಎಳೆಯುತ್ತಿತ್ತು. ಅದು ನಾನೇ ಸ್ವಂತ ಮಾಡಿದ ಮೊದಲ ಕೆಲಸ. ಬೆಳಿಗ್ಗೆ ಬ್ಯಾಗ್ ಇಡುವ ಮೊದಲೇ ಆ ಗೆರೆಗಳನ್ನು ನೋಡುತ್ತಿದ್ದೆ.

ದಸರಾ ಹತ್ತಿರದ ಒಂದು ದಿನ ಇಡೀ ಸರ್ವರ್ ತೆವಳತೊಡಗಿತು. ಗ್ರಾಫ್ ನೋಡಿದರೆ ಒಂದೇ ಗೆರೆ ಗುಡ್ಡದಂತೆ ಏರಿತ್ತು. ಅದರ ಮೇಲಿದ್ದದ್ದು ಬದಲಾಪುರದ ರಕ್ತದಾನಿಗಳ ಸೈಟಿನ ಹೆಸರು. ನಮ್ಮ ಸಾಹೇಬರನ್ನು ಕೇಳಿ, ಹನ್ನೊಂದು ಗಂಟೆಗೆ ಆ ಕಂಟೇನರನ್ನು ನಿಲ್ಲಿಸಿಬಿಟ್ಟೆ. ಆದರೂ ಸರ್ವರ್ ಚೇತರಿಸಿಕೊಳ್ಳಲಿಲ್ಲ. ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು, ಎತ್ತಲು ನಮಗೆ ಪುರುಸೊತ್ತಿರಲಿಲ್ಲ.

ಎರಡೂವರೆಗೆ, ನೂಲಿನ ಸೀರೆ ಉಟ್ಟ, ಅರವತ್ತು ದಾಟಿದ ಒಬ್ಬ ಹೆಂಗಸು ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಹಿಂದಿಯಲ್ಲಿ ಶುರುಮಾಡಿದವರು ನನ್ನ ಹೆಸರು ಕೇಳಿದ್ದೇ ಕನ್ನಡಕ್ಕೆ ತಿರುಗಿದರು.

"ಕನ್ನಡದಾಕಿ ಏನವಾ? ಛಲೋ ಆತು. ನಾ ಶಾಂತಾಬಾಯಿ. ಬದಲಾಪುರದಿಂದ ಬಂದೀನಿ. ನಮ್ಮ ಸೈಟ್ ಯಾಕ ಬಂದ್ ಮಾಡೀರಿ? ಫೋನ್ ಹಚ್ಚಿ ಹಚ್ಚಿ ಸಾಕಾತು."

ಅವರು ವಿಜಯಪುರದವರು, ಆ ರಕ್ತದಾನಿಗಳ ಸೈಟು ನಡೆಸುತ್ತಿದ್ದ ನಿವೃತ್ತ ನರ್ಸ್. ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಬಾಣಂತಿಯೊಬ್ಬಳಿಗೆ ತುರ್ತಾಗಿ ಓ ನೆಗೆಟಿವ್ ರಕ್ತ ಬೇಕಿತ್ತು. ಆಕೆಯ ಮನೆಯವರು ಇವರಿಗೆ ಫೋನ್ ಮಾಡಿದ್ದರು. ದಾನಿಗಳ ನಂಬರುಗಳೆಲ್ಲ ಇದ್ದದ್ದು ಸೈಟಿನಲ್ಲಿ, ಸೈಟು ಇದ್ದದ್ದು ನಾನು ನಿಲ್ಲಿಸಿದ ಕಂಟೇನರಿನಲ್ಲಿ.

ಕೂಡಲೇ ಶುರು ಮಾಡುವುದು ಬಿಟ್ಟು ನಾನು ವಾದಕ್ಕೆ ನಿಂತೆ. ಅದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ. "ಅಮ್ಮಾ, ನಿಮ್ಮ ಸೈಟಿಂದ ಎಲ್ರಿಗೂ ತೊಂದ್ರೆ ಆಗ್ತಿದೆ. ಬೇಕಾದ್ರೆ ನೀವೇ ನೋಡಿ," ಎಂದು ಮಾನಿಟರನ್ನು ಅವರತ್ತ ತಿರುಗಿಸಿದೆ.

ಅವರು ಕನ್ನಡಕ ಹಾಕಿಕೊಂಡು, ರೋಗಿಯ ಚಾರ್ಟ್ ನೋಡುವಂತೆ ಬೆರಳಿಟ್ಟು ಗೆರೆಯುದ್ದಕ್ಕೂ ನೋಡಿದರು.

"ಎಷ್ಟಕ್ಕ ಬಂದ್ ಮಾಡಿದಿ?"

"ಹನ್ನೊಂದಕ್ಕೆ."

"ಮತ್ತ ಹನ್ನೊಂದರ ಮ್ಯಾಲೂ ಗೆರಿ ಏರಾಕತ್ತೈತಲ್ಲ, ತಂಗಿ? ಬಂದ್ ಮಾಡಿದ್ದು ಹೆಂಗ ಏರತೈತಿ?"

ಸ್ಕ್ರಿಪ್ಟ್ ತೆರೆದು ನೋಡಿದೆ. ಹೆಸರುಗಳು ಒಂದು ಪಟ್ಟಿಯಲ್ಲಿ, ಅಳತೆಗಳು ಇನ್ನೊಂದರಲ್ಲಿ ಇದ್ದವು. ಹಿಂದಿನ ವಾರ ಒಬ್ಬ ಗ್ರಾಹಕರು ಬಿಟ್ಟುಹೋದಾಗ ಅವರ ಅಳತೆ ಪಟ್ಟಿಯಿಂದ ಬಿದ್ದುಹೋಗಿತ್ತು, ಹೆಸರನ್ನು ಮಾತ್ರ ನಾನು ತೆಗೆದಿರಲಿಲ್ಲ. ಅಲ್ಲಿಂದ ಕೆಳಗಿನ ಹೆಸರುಗಳೆಲ್ಲ ಒಂದೊಂದು ಮನೆ ಜಾರಿ, ಪಕ್ಕದವರ ಗೆರೆಯ ಮೇಲೆ ಕೂತಿದ್ದವು. ಮೆಮೊರಿ ನುಂಗುತ್ತಿದ್ದವರು ಬೇರೆಯವರು.

ಅವರದನ್ನು ನಿಲ್ಲಿಸಿ, ಶಾಂತಾಬಾಯಿಯವರ ಕಂಟೇನರ್ ಶುರು ಮಾಡಿದೆ. ಅವರು ನನ್ನ ಕುರ್ಚಿಯಲ್ಲೇ ಕೂತು ನಂಬರ್ ಹುಡುಕಿ, ನನ್ನ ಮೇಜಿನ ಫೋನಿನಿಂದಲೇ ಒಬ್ಬೊಬ್ಬರಿಗೂ ಮಾಡಿದರು. ಮೊದಲನೆಯವರು ಊರಲ್ಲಿರಲಿಲ್ಲ. ಎರಡನೆಯವರಿಗೆ ಜ್ವರ. ಮೂರನೆಯವರು ಐರೋಲಿಯ ಬ್ಯಾಂಕ್ ನೌಕರರು, ಹೊರಟೆ ಎಂದರು. ಆ ಮೂರು ಕರೆಗಳಷ್ಟು ಹೊತ್ತು ನಾನು ಗೋಡೆಗೆ ಒರಗಿ ನಿಂತಿದ್ದೆ.

ಅಷ್ಟರಲ್ಲಿ ಸಾಹೇಬರು ಬಂದು, "ಕ್ಯಾ ಹುವಾ? ಕಿಸ್‌ಕೀ ಗಲ್ತಿ ಹೈ?" ಎಂದು ತಪ್ಪು ಯಾರದೆಂದು ಕೇಳಿದರು. "ಮೇರೀ," ನನ್ನದೇ ಎಂದೆ. ಅವರು ಬಾಯಿ ತೆರೆಯುವ ಮೊದಲೇ ಶಾಂತಾಬಾಯಿ ಎದ್ದು ನಿಂತು, ತಮ್ಮ ಹಿಂದಿಯಲ್ಲಿ, "ಹೋ ಗಯಾ ಸಾಬ್. ಲಡಕೀನೇ ಖುದ್ ಬೋಲಾ ನಾ?" ಆದದ್ದಾಯಿತು, ಹುಡುಗಿ ತಾನೇ ಒಪ್ಪಿಕೊಂಡಳಲ್ಲ, ಎಂದರು. ಸಾಹೇಬರು ಒಳಗೆ ಹೋದರು.

ಹೊರಡುವಾಗ ಅವರು ನನ್ನ ಭುಜ ಹಿಡಿದು ಹೇಳಿದರು: "ನೌಕರಿಗೆ ಸೇರಿದ ವರ್ಷ ನಾನೂ ವಾರ್ಡಿನ್ಯಾಗ ಒಂದು ಕಾಟಿನ ಚಾರ್ಟ್ ಇನ್ನೊಂದಕ್ಕ ಹಾಕಿದ್ದೆ. ದೊಡ್ಡ ಸಿಸ್ಟರ್ ನೋಡಿದ್ರು, ಉಳಕೊಂಡ್ವಿ. ಮೊದಲ ಹೆಸರು ನೋಡು, ಆಮ್ಯಾಲೆ ಗೆರಿ ನೋಡು. ಅಂದಂಗ, ನಿಂದು ಯಾವ ಗ್ರೂಪ್?"

"ಬಿ ಪಾಸಿಟಿವ್."

"ಬರಕೊಂಡೆ," ಎಂದು ನಕ್ಕು ಸ್ಟೇಷನ್ನಿನತ್ತ ನಡೆದರು. ಸಂಜೆ ಅವರದೇ ಫೋನ್ ಬಂತು: "ತಾಯಿ ಉಳದಾಳ, ತಂಗಿ. ಹೆಣ್ಣು ಕೂಸು."

ಆ ಆಫೀಸು ಈಗಿಲ್ಲ. ನಾವು ಖಾರಘರಕ್ಕೆ ಬಂದು ಎಷ್ಟೋ ವರ್ಷಗಳಾದವು. ಈಗ ಗ್ರಾಫುಗಳೆಲ್ಲ ಸಿದ್ಧವಾಗಿಯೇ ಬರುತ್ತವೆ, ಕೈಯಲ್ಲಿ ಯಾರೂ ಬರೆಯುವುದಿಲ್ಲ. ನನಗೆ ಮಾತ್ರ ನನ್ನ ಆ ತಪ್ಪು ಸ್ಕ್ರಿಪ್ಟಿನ ಮೇಲೆ ಇನ್ನೂ ಪ್ರೀತಿ. ಮುಂದಿನ ವರ್ಷಗಳಲ್ಲಿ ಶಾಂತಾಬಾಯಿಯವರ ಕರೆ ಬಂದಾಗಲೆಲ್ಲ ಹೋಗಿ ರಕ್ತ ಕೊಟ್ಟು ಬಂದಿದ್ದೇನೆ. ಅಂದು ಅವರು ಕೂಗಾಡಿದ್ದರೆ ನಾನು ಸರ್ವರ್ ಮೇಲೆ ಗೂಬೆ ಕೂರಿಸಿ ಪಾರಾಗುತ್ತಿದ್ದೆನೇನೋ. ಅವರು ಕೂಗಾಡಲಿಲ್ಲ. ಅದಕ್ಕೇ "ನನ್ನದೇ ತಪ್ಪು" ಎನ್ನುವ ಮಾತು ಅಂದು ನನ್ನ ಬಾಯಿಂದ ಹೊರಟಿತು.