ತಾಮ್ರದ ನೀರು

ಪಾಂಡವಪುರದ ಸಂತೆಬೀದಿಯಲ್ಲಿ ನಿಂತು ಕಲಾಯಿ ಪೀರ್ ಸಾಬರ ಮನೆ ಯಾವುದು ಎಂದು ಕೇಳಿದರೆ ಈಗಲೂ ಯಾರಾದರೂ ತೋರಿಸುತ್ತಾರೆ. ಕಲಾಯಿ ಎಂದರೇನು ಎಂದು ಕೇಳಿದರೆ ಮಾತ್ರ ಎಳೆಯರು ಮುಖ ಮುಖ ನೋಡಿಕೊಳ್ಳುತ್ತಾರೆ.

ಪೀರ್ ಅಹಮದ್ ನಲವತ್ತು ವರ್ಷ ಸೈಕಲ್ಲಿನ ಹಿಂದೆ ಗಾಳಿ ಊದುವ ತಿದಿ, ಇದ್ದಿಲ ಚೀಲ, ತವರದ ಕಡ್ಡಿಗಳನ್ನು ಕಟ್ಟಿಕೊಂಡು ತೊಣ್ಣೂರು, ಕೆ.ಆರ್. ಪೇಟೆ, ನಾಗಮಂಗಲ ಎಂದು ಊರೂರು ಸುತ್ತಿದವರು. ತಾಮ್ರ, ಹಿತ್ತಾಳೆ ಪಾತ್ರೆಗಳ ಒಳಮೈಗೆ ತವರ ಬಳಿದು ಬೆಳ್ಳಿಯ ಹಾಗೆ ಹೊಳೆಯಿಸುವುದು ಅವರ ಕಸುಬು. ಮೇಲುಕೋಟೆಯಲ್ಲಿ ಪುಳಿಯೋಗರೆ ಗೊಜ್ಜು ಕಾಯಿಸುವ ದೊಡ್ಡ ತಪ್ಪಲೆಗಳು ವರ್ಷಕ್ಕೆರಡು ಸಲ ಅವರ ಕೈಗೇ ಬರುತ್ತಿದ್ದವು. ಹೋದ ಮನೆಯಲ್ಲೆಲ್ಲ ಒಂದೇ ಪಾಠ ಹೇಳುತ್ತಿದ್ದರು: "ತಾಮ್ರಕ್ಕೆ ಹುಳಿ ತಾಗಿದ್ರೆ ಕಿಲುಬು, ಕಿಲುಬು ಅಂದ್ರೆ ವಿಸ. ಅದೇ ತಾಮ್ರಕ್ಕೆ ನೀರು ತಾಗಿದ್ರೆ ಔಸ್ದಿ. ತಾಮ್ರದ ನೀರಲ್ಲಿ ಹುಳ ಅನ್ನೋದು ಬದುಕಾಕಿಲ್ಲ ಕಣವ್ವ." ಸ್ಟೀಲು ಬಂತು, ಕಸುಬು ಹೋಯಿತು. ಪಾಠ ಮಾತ್ರ ಅವರ ಬಾಯಲ್ಲಿ ಉಳಿಯಿತು.

ಅವರಿಗೆ ಒಬ್ಬಳೇ ಮಗಳು, ಅಸ್ಫಿಯಾ. ಬಿ.ಎಸ್ಸಿ. ಮುಗಿಸಿದ ವರ್ಷವೇ ನಾಗಮಂಗಲದ ಟೈರ್ ಅಂಗಡಿಯವರ ಮನೆಗೆ ಕೊಟ್ಟರು. ಏಳು ತಿಂಗಳ ಬಸುರಿಯಾಗಿದ್ದಾಗ ಒಂದು ಬೆಳಿಗ್ಗೆ ಅವಳು ಫೋನು ಮಾಡಿದಳು. "ಅಬ್ಬಾ, ಹೊಟ್ಟೆಲಿ ಮಗು ಅಲ್ಲಾಡ್ತಾ ಇಲ್ಲ ಅನ್ನಿಸ್ತದೆ. ಇವ್ರು ಆಸ್ಪತ್ರೆಗೆ ಕರ್ಕೊಂಡ್ ಹೋಗ್ತಿಲ್ಲ. ನೀವು ಬನ್ನಿ."

ಪೀರ್ ಅಹಮದ್ ಹೋಗಲಿಲ್ಲ. "ಮೊದಲ್ನೇದಲ್ವಾ ಬೇಟಾ, ಅಂಗೇ ಅನ್ಸ್ತದೆ. ನಿಮ್ಮತ್ತೆ ಆರು ಮಕ್ಕಳ್ನ ಎತ್ತವ್ರೆ, ಅವರಿಗೆ ಗೊತ್ತಾಗಾಕಿಲ್ವಾ?" ಎಂದರು.

ಮೂರನೆಯ ದಿನ ಮಗು ಹೊಟ್ಟೆಯಲ್ಲೇ ಹೋಗಿದೆಯೆಂದು ಗೊತ್ತಾಯಿತು. ನಲವತ್ತು ದಿನ ಕಳೆದು ತೌರಿಗೆ ಬಂದವಳು ಮತ್ತೆ ಗಂಡನ ಮನೆಗೆ ಹೋಗಲಿಲ್ಲ. ಆ ಫೋನಿನ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ಅಸ್ಫಿಯಾ ವರ್ಷವಿಡೀ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿಕೊಂಡು ಮಲಗಿದಳು. ತಾಯಿ ಅಸ್ಗರಿ ಬೇಗಂ ತುತ್ತು ಕಲಸಿ ಕೊಟ್ಟರೆ ಎರಡು ತುತ್ತು ತಿನ್ನುವಳು, ಮತ್ತೆ ಗೋಡೆ.

ಆ ಒಂದು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಒಂದೇ. ಫೋನಿನಲ್ಲಿ ಏನೋ ನೋಡುತ್ತಿದ್ದವಳು, "ಅಬ್ಬಾ, ಈ ಕೆಂಪು ಸೀಗಡಿ ಸಿಗ್ತವಾ?" ಎಂದಳು.

ಪೀರ್ ಅಹಮದ್ ಮರುದಿನವೇ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದರು. ಅಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿದ್ದ ನಾಗಾರ್ಜುನ ಹತ್ತು ಸೀಗಡಿಗಳನ್ನು ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ. ಒಂದೊಂದೂ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು, ಮಾಗಿದ ಮೆಣಸಿನಕಾಯಿಯ ಬಣ್ಣ. ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹಳ್ಳದಲ್ಲಿ ಬಸ್ಸು ಎಗರಿದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ತಂದರು.

ಎರಡಡಿ ಗಾಜಿನ ತೊಟ್ಟಿಯಲ್ಲಿ ಆ ಹತ್ತು ಅರವತ್ತಾದವು. ಅಸ್ಫಿಯಾ ಬೆಳಿಗ್ಗೆ ಏಳತೊಡಗಿದಳು. ಬೇಯಿಸಿದ ಸೊಪ್ಪಿನ ಚೂರು ಹಾಕಲು ಏಳುವಳು, ಎದ್ದವಳು ಮುಖ ತೊಳೆಯುವಳು, ತಲೆ ಬಾಚುವಳು. ಹೆಣ್ಣು ಸೀಗಡಿಗಳು ಹೊಟ್ಟೆಯಡಿ ಹಳದಿ ಮೊಟ್ಟೆಗಳ ಗೊಂಚಲು ಹೊತ್ತು, ಸಣ್ಣ ಕಾಲುಗಳಿಂದ ಅವಕ್ಕೆ ನೀರು ಬೀಸುತ್ತಿದ್ದವು. ಅದನ್ನು ನೋಡುತ್ತ ಗಂಟೆಗಟ್ಟಲೆ ಕೂರುವಳು. ಒಂದು ದಿನ ಅವಳು "ಅಮ್ಮೀ, ಬನ್ನಿ ಇಲ್ಲಿ, ಮರಿ ಆಚೆ ಬಂದವೆ!" ಎಂದು ಕೂಗಿದಾಗ ಅಸ್ಗರಿ ಬೇಗಂ ಒಲೆ ಮುಂದೆ ಕೂತು ಅತ್ತುಬಿಟ್ಟರು.

ಹಾಲು ಕೊಡಲು ಬರುತ್ತಿದ್ದ ಪಕ್ಕದ ಮನೆಯ ಯಶೋದಮ್ಮ ಮಾತ್ರ ರೇಗಿಸುತ್ತಿದ್ದಳು. "ಅಲ್ಲ ಸಾಬ್ರೇ, ಸೀಗಡೀಗೆ ಗಾಜಿನ ಬಂಗ್ಲೆ ಕಟ್ಸಿದ್ದೀರಲ್ಲ! ನಮ್ಮನೇಲಾಗಿದ್ರೆ ಬದನೆಕಾಯಿ ಜೊತೆ ಸಾರು ಮಾಡ್ಬುಡ್ತಿದ್ವಿ."

"ಇವು ಒಂದು ತುತ್ತಿಗೂ ಆಗಾಕಿಲ್ಲ ಯಶೋದಮ್ಮ, ನಿನ್ ಹಲ್ಲಿನ ಸಂದೀಗೆ ಸಿಕ್ಕಾಕ್ಕೊಂಡ್ಬುಡ್ತವೆ" ಎಂದು ಅವರೂ ನಗುತ್ತಿದ್ದರು.

ಮಗಳ ನಗುವೇ ಅವರನ್ನು ಹಾಳು ಮಾಡಿತು. ಚಪಾತಿಯ ಒಂದು ಚೂರು ಹಾಕಿದರೆ ಅರವತ್ತೂ ಓಡಿಬಂದು ಮುತ್ತುತ್ತಿದ್ದವು. ಅದನ್ನು ಕಂಡು ಅಸ್ಫಿಯಾ ನಗುತ್ತಿದ್ದಳು. ಆ ನಗುವಿಗಾಗಿ ಅವರು ದಿನಕ್ಕೆ ನಾಲ್ಕು ಸಲ ಚೂರು ಹಾಕಿದರು. ತಿಂದು ಮಿಕ್ಕದ್ದು ಮರಳಿನಲ್ಲಿ ಕೊಳೆಯಿತು. ಹೀಗಿರುವಾಗ ಒಂದು ದಿನ ಗಾಜಿನ ಮೇಲೆ ಬಿಳಿ ದಾರದ ಎಳೆಯಂಥ ಹುಳಗಳು ಕಂಡವು. ಕೂದಲಿಗಿಂತ ಸಣ್ಣ. ಮೊದಲು ನಾಲ್ಕೈದು, ವಾರದಲ್ಲಿ ಲೆಕ್ಕಕ್ಕೆ ಸಿಗದಷ್ಟು, ನೀರಿನಲ್ಲೂ ನುಲಿದುಕೊಂಡು ಈಜಾಡುತ್ತಿದ್ದವು.

ಅಸ್ಫಿಯಾ ಗಾಬರಿಯಾಗಲಿಲ್ಲ. ಫೋನಿನಲ್ಲಿ ಓದಿ ತಿಳಿದುಕೊಂಡಳು. "ಇವು ಕಸ ತಿನ್ನೋ ಹುಳ ಅಬ್ಬಾ, ಸೀಗಡಿಗೇನೂ ಮಾಡಲ್ಲ. ತಿಂಡಿ ಜಾಸ್ತಿಯಾಗಿದೆ, ಅಷ್ಟೇ. ಹದಿನೈದು ದಿನ ಕಮ್ಮಿ ಹಾಕಿದ್ರೆ ತಾವೇ ಹೋಗ್ತವೆ."

"ಹುಳ ಹುಳಾನೇ ಬೇಟಾ. ಮೊಟ್ಟೆಗೆ ಬಾಯಾಕ್ಬುಟ್ರೆ?"

"ಹಾಕಲ್ಲ ಅಂತ ಹೇಳ್ತಿದ್ದೀನಲ್ಲ."

ಆಗ ಐದು ಸೀಗಡಿಗಳು ಮೊಟ್ಟೆ ಹೊತ್ತಿದ್ದವು. ಪೀರ್ ಅಹಮದರಿಗೆ ಅನ್ನ ಸೇರಲಿಲ್ಲ. ಆ ಮೊಟ್ಟೆಗಳಿಗೇನಾದರೂ ಆದರೆ ಮಗಳು ಮತ್ತೆ ಗೋಡೆಯ ಕಡೆ ತಿರುಗುತ್ತಾಳೆ. ಇನ್ನೊಂದು ಸಲ ತಿರುಗಿದರೆ ಏಳುವುದಿಲ್ಲ. ಅವರಿಗೆ ತೋಚಿದ್ದು ಅದೊಂದೇ. ಫೋನಿನಲ್ಲಿ ಯಾರೋ ಬರೆದದ್ದಕ್ಕಿಂತ ನಲವತ್ತು ವರ್ಷ ಕೈಯಲ್ಲಿ ತಿಕ್ಕಿದ ತಾಮ್ರದ ಮೇಲೆ ಅವರಿಗೆ ನಂಬಿಕೆ. ಅಟ್ಟದ ಮೇಲಿದ್ದ ತಾಮ್ರದ ಕೊಳಗ ಇಳಿಸಿದರು. ಹುಣಸೆಹಣ್ಣು, ಉಪ್ಪು ಹಾಕಿ ಕೆಂಪಗೆ ಬೆಳಗಿದರು. ಹಿತ್ತಲಲ್ಲಿ ಎರಡು ದಿನ ಅದರಲ್ಲಿ ನೀರು ತುಂಬಿಟ್ಟರು.

ಅಸ್ಫಿಯಾಳ ತಲಾಖಿನ ಕಾಗದ ಮುಗಿಸಲು ನಾಗಮಂಗಲದ ಮಸೀದಿಯ ಹಿರಿಯರು ಗೊತ್ತುಮಾಡಿದ್ದ ದಿನ ಬಂತು. ಅಳಿಯನ ಮನೆಯವರ ಮುಖ ನೋಡುವ ಧೈರ್ಯ ಪೀರ್ ಅಹಮದರಿಗಿರಲಿಲ್ಲ. ತಾಯಿ, ಮಗಳು ಇಬ್ಬರೇ ಹೊರಟರು. ಬಾಗಿಲಲ್ಲಿ ಅಸ್ಫಿಯಾ ತಿರುಗಿ, "ನಾನು ಬರೋವರ್ಗೂ ತೊಟ್ಟಿಗೆ ಏನೂ ಹಾಕ್ಬೇಡಿ ಅಬ್ಬಾ" ಎಂದಳು.

"ಒಂದು ಚೂರೂ ಹಾಕಾಕಿಲ್ಲ, ಹೋಗ್ಬಾ."

ಅವರು ಹೋದ ಮೇಲೆ ಪೈಪು ಹಚ್ಚಿ ಅರ್ಧ ನೀರು ತೆಗೆದರು. ಗಾಜು ಒರೆಸಿದರು. ಮರಳು ಏಳದ ಹಾಗೆ ತಟ್ಟೆ ಅಡ್ಡ ಹಿಡಿದು ತಾಮ್ರದ ನೀರನ್ನು ಮೆಲ್ಲಗೆ ಬಿಟ್ಟರು. ತೊಟ್ಟಿ ಕನ್ನಡಿಯಂತಾಯಿತು. ಕಾಗದಕ್ಕೆ ಸಹಿ ಹಾಕಿ ಬಂದವಳು ಇದನ್ನು ನೋಡಿ ಒಂದಿಷ್ಟು ಹಗುರಾದಾಳು ಎಂದುಕೊಂಡರು. ತಿಂಡಿ ಮಾತ್ರ ಹಾಕಲಿಲ್ಲ. ಕೊಟ್ಟ ಮಾತು ಉಳಿಸಿಕೊಂಡೆ ಎಂಬ ಸಮಾಧಾನವೂ ಇತ್ತು.

ಮಧ್ಯಾಹ್ನ ಸೀಗಡಿಗಳು ಮೇಲಕ್ಕೂ ಕೆಳಕ್ಕೂ ಸರ್ರನೆ ಚಿಮ್ಮತೊಡಗಿದವು. ಪೀರ್ ಅಹಮದ್ ಹಿಗ್ಗಿ ಯಶೋದಮ್ಮನನ್ನು ಕೂಗಿದರು. "ಬಾ ನೋಡು, ಒಸ ನೀರಿಗೆ ಎಂಗ್ ಕುಣೀತಾವೆ!"

ಅವಳು ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು. ಈ ಸಲ ನಗಲಿಲ್ಲ. "ಕುಣಿಯೋದಲ್ಲ ಸಾಬ್ರೇ. ಒದ್ದಾಡ್ತಾವೆ."

ಒಂದು ಮಗ್ಗುಲಾಗಿ ಬಿತ್ತು. ಆಮೇಲೆ ಇನ್ನೊಂದು. ಅವರು ನಾಗಾರ್ಜುನನಿಗೆ ಫೋನು ಹಚ್ಚಿದರು.

"ನೀರು ಎಲ್ಲಿಂದ ಹಾಕಿದ್ರಿ ಪೀರಣ್ಣ?"

"ನಮ್ದೇ. ತಾಮ್ರದ ಕೊಳಗದ್ದು. ಒಳ್ಳೇ ನೀರು."

"ಸೀಗಡಿಗೆ ತಾಮ್ರ ವಿಷ ಕಣಣ್ಣೋ. ಮನುಷ್ಯರು ತಡ್ಕೋತೀವಿ, ಅವು ಎಳ್ಳಷ್ಟೂ ತಡ್ಕೊಳ್ಳಲ್ಲ. ಬೇಗ ಬೇರೆ ನೀರಿಗೆ ಎತ್ತಾಕಿ. ಉಳಿದ್ರೆ ನಿಮ್ ಪುಣ್ಯ."

ಟೀ ಸೋಸುವ ಜಾಲರಿಯಲ್ಲಿ ಒಂದೊಂದನ್ನೇ ಎತ್ತಿ ಡ್ರಮ್ಮಿನ ನೀರು ತುಂಬಿದ ಬಕೀಟಿಗೆ ಬಿಟ್ಟರು. ಯಶೋದಮ್ಮನೂ ಒಂದು ಲೋಟ ಹಿಡಿದು ಕೈಜೋಡಿಸಿದಳು. ಇಳಿಮಧ್ಯಾಹ್ನದ ಅಸರ್ ನಮಾಜಿನ ಹೊತ್ತಿಗೆ ಬಕೀಟಿನ ತಳದಲ್ಲಿ ಎಲ್ಲವೂ ಬಿಳಿಚಿ ಮಲಗಿದ್ದವು. ಮೊಟ್ಟೆ ಹೊತ್ತವು ಹೊತ್ತುಕೊಂಡೇ ಇದ್ದವು. ತೊಟ್ಟಿಯ ಗಾಜಿನ ಮೇಲೆ ಬಿಳಿ ಹುಳಗಳು ಮಾತ್ರ ಮತ್ತೆ ಹತ್ತಿ ಬಂದು ಬೆಳಿಗ್ಗೆ ಇದ್ದ ಹಾಗೆಯೇ ಹರಿದಾಡುತ್ತಿದ್ದವು.

ಅಸ್ಫಿಯಾ ಸಂಜೆ ಬಂದಳು. ಕೈಚೀಲದಲ್ಲಿ ಕಾಗದವಿತ್ತು. ತೊಟ್ಟಿ ನೋಡಿದಳು, ಬಕೀಟು ನೋಡಿದಳು, ಹಿತ್ತಲ ಬಾಗಿಲಲ್ಲಿ ಹೊಳೆಯುತ್ತಿದ್ದ ಕೊಳಗ ನೋಡಿದಳು. ಅವಳು ಕೂಗಾಡಲಿಲ್ಲ, ಅಳಲಿಲ್ಲ.

"ನಾನು ಹೇಳಿದ್ದೆ ಅಬ್ಬಾ" ಎಂದಳು.

ಅದು ಯಾವ ದಿನದ ಮಾತೆಂದು ಪೀರ್ ಅಹಮದರಿಗೆ ತಿಳಿಯಿತು. ಅಸ್ಗರಿ ಬೇಗಂಗೂ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ನಡೆದರು. ಅಸ್ಫಿಯಾ ಬುರ್ಖಾವನ್ನೂ ತೆಗೆಯದೆ ಒಳಕೋಣೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಐದನೆಯ ದಿನ ಅಸ್ಗರಿ ಬೇಗಂ ಮುಟ್ಟದ ತಟ್ಟೆಯನ್ನು ಈಚೆಗೆ ತಂದು, "ನೀವೇ ಒಂದ್ಸಲ ಒಳಗ್ ಹೋಗಿ" ಎಂದರು. ಇಷ್ಟು ವರ್ಷಗಳಲ್ಲಿ ಗಂಡನಿಗೆ ಆಕೆ ಅಷ್ಟು ಗಡುಸಾಗಿ ಹೇಳಿದ್ದು ಅದೇ ಮೊದಲು.

ಪೀರ್ ಅಹಮದ್ ಒಳಗೆ ಹೋಗಿ ಚಾಪೆಯ ಪಕ್ಕ ನೆಲದ ಮೇಲೆ ಕುಳಿತರು. ಮಗಳ ಬೆನ್ನು ಕಾಣುತ್ತಿತ್ತು.

"ತಪ್ಪಾಯ್ತು ಬೇಟಾ. ಆವತ್ತೂ ತಪ್ಪು ನಂದೇ, ಇವತ್ತೂ ನಂದೇ. ಇನ್ಮೇಲೆ ನೀನು ಏನ್ ಹೇಳಿದ್ರೂ ಕೇಳ್ತೀನಿ. ಏನಾದ್ರೂ ಹೇಳು."

ಗೋಡೆಯ ಕಡೆಯಿಂದಲೇ ಉತ್ತರ ಬಂತು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಒಳ್ಳೆಯದಿತ್ತು.

"ಹೇಳೋದೆಲ್ಲ ಹೇಳಾಯ್ತು ಅಬ್ಬಾ."

ಅವರು ಏಳಲಿಲ್ಲ. ಇನ್ನೊಂದು ಮಾತು ಬಂದೀತೇನೋ ಎಂದು ಆ ಬೆನ್ನನ್ನೇ ನೋಡುತ್ತ ಕೂತರು.